ಕೌಚ್ ಸರಿಸುವ ಮುನ್ನ: ರೇಡಿಯೇಶನ್ ಕೋಣೆಯಲ್ಲಿ ರೋಗಿಯ ಪೊಸಿಷನ್ ಅನ್ನು ಚಿತ್ರದಲ್ಲಿ ಪರಿಶೀಲಿಸುವ ಬಗೆ

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ 66ರಿಂದ 70 ಗ್ರೇ (ವಿಕಿರಣದ ಅಳತೆ) ಡೋಸನ್ನು 33ರಿಂದ 35 ಕಂತುಗಳಲ್ಲಿ ಕೊಡುತ್ತಾರೆ. ಅಂದರೆ ಒಬ್ಬ ರೋಗಿ ಆರೇಳು ವಾರ, ಮೂವತ್ತೈದು ಸಲ, ಅದೇ ಕೌಚ್ (ಯಂತ್ರದ ಹಾಸಿಗೆ) ಮೇಲೆ, ತಲೆ ಅಲುಗದಂತೆ ಹಿಡಿಯುವ ಅದೇ ಮಾಸ್ಕಿನೊಳಗೆ ಅದೇ ಭಂಗಿಯಲ್ಲಿ ಮಲಗಬೇಕು. ಮೈ ಹೊರಗೆ ಗುರುತು ಹಾಕಿ ಅದಕ್ಕೆ ಕೋಣೆಯ ಲೇಸರ್ ಗೆರೆ ಕೂಡಿಸಬಹುದು, ಆದರೆ ಚರ್ಮ ಜಾರುತ್ತದೆ, ಎಲುಬು ಜಾರುವುದಿಲ್ಲ. ಅದಕ್ಕೇ ಯಂತ್ರದ ಮೇಲೇ ಎಕ್ಸ್-ರೇ ತೆಗೆದು, ಪ್ಲಾನಿಂಗ್ ಸಿಟಿಯ (ಚಿಕಿತ್ಸೆ ಯೋಜಿಸಲು ಮೊದಲೇ ತೆಗೆದ ಸ್ಕ್ಯಾನಿನ) ಚಿತ್ರಕ್ಕೆ ಹೋಲಿಸಿ ನೋಡುವುದು.

ಹೋಲಿಸಿದ ಮೇಲೆ ಪರದೆಯಲ್ಲಿ ಮೂರು ಸಂಖ್ಯೆ ಬರುತ್ತವೆ: ಮೇಲೆ-ಕೆಳಗೆ ಇಷ್ಟು, ತಲೆ-ಕಾಲಿನ ಕಡೆ ಇಷ್ಟು, ಎಡ-ಬಲ ಇಷ್ಟು. ಪಕ್ಕದಲ್ಲೇ ‘ಅಪ್ಲೈ’ ಬಟನ್. ಒತ್ತಿದರೆ ಕೌಚ್ ತಾನೇ ಸರಿಯುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೇಡಿಯೊಥೆರಪಿ ವಿಭಾಗಕ್ಕೆ ಹೊಸದಾಗಿ ಬಂದ ಟೆಕ್ನಾಲಜಿಸ್ಟರಿಗೆ ಈ ಲೇಖನ ಹೇಳಬೇಕಾದದ್ದು ಇಷ್ಟೇ: ಆ ಬಟನ್ ಒತ್ತುವ ಮೊದಲು, ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಕೌಚ್ ಸರಿಸಿದರೆ ತಪ್ಪು ಜಾಗ ಸರಿಹೋಗಬಹುದು, ತಪ್ಪು ಭಂಗಿ ಸರಿಹೋಗುವುದಿಲ್ಲ.

ಬೆಳಗಿನ ಕ್ಯೂಬ್

ರೋಗಿ ಬರುವ ಮೊದಲು ಚಿತ್ರ ತೆಗೆಯುವ ಯಂತ್ರವೇ ಸರಿಯಿದೆಯೇ ನೋಡಬೇಕು. ಚಿಕಿತ್ಸೆಯ ಕಿರಣದ ಕೇಂದ್ರಬಿಂದು, ಅಂದರೆ ಐಸೊಸೆಂಟರ್, ಒಂದು ಕಡೆ. ಕೆವಿ (ಕಿಲೋವೋಲ್ಟೇಜ್, ಮಾಮೂಲಿ ಎಕ್ಸ್-ರೇಯ ಶಕ್ತಿಯ) ಚಿತ್ರ ತನ್ನ ಕೇಂದ್ರ ಎಂದುಕೊಂಡಿರುವುದು ಇನ್ನೊಂದು ಕಡೆ ಇದ್ದರೆ, ದಿನವಿಡೀ ಎಷ್ಟು ಜಾಗ್ರತೆಯಿಂದ ಹೊಂದಿಸಿದರೂ ಎಲ್ಲ ರೋಗಿಗಳೂ ಅಷ್ಟೇ ಪಕ್ಕಕ್ಕೆ ಹೋಗುತ್ತಾರೆ.

ನಡುವೆ ಲೋಹದ ಸಣ್ಣ ಗುಂಡು ಇರುವ ಕ್ಯೂಬ್ ಫ್ಯಾಂಟಮ್ಮನ್ನು (ಪರೀಕ್ಷೆಗೆ ರೋಗಿಯ ಬದಲು ಇಡುವ ವಸ್ತು) ಕೌಚ್ ಮೇಲಿಡಿ. ಅದರ ಮೇಲೆ ಎರಡು ಬಗೆಯ ಗೆರೆಗಳಿರುತ್ತವೆ: ಒಂದು ನಿಜವಾದ ಕೇಂದ್ರದ್ದು, ಇನ್ನೊಂದು ಬೇಕೆಂದೇ ಒಂದೆರಡು ಸೆಂ.ಮೀ. ಆಚೆ ಹಾಕಿದ್ದು. ಲೇಸರನ್ನು ಆ ಆಚೆಯ ಗೆರೆಗೆ ಕೂಡಿಸಿ, ಚಿತ್ರ ತೆಗೆದು, ಹೊಂದಿಸಿ, ಕೌಚ್ ಸರಿಸಿ. ಸರಿಸಿದ ಮೇಲೆ ಲೇಸರ್ ನಿಜವಾದ ಗೆರೆಯ ಮೇಲೆ ಬಂದು ನಿಲ್ಲಬೇಕು. ಇನ್ನೊಮ್ಮೆ ಚಿತ್ರ ತೆಗೆದರೆ ಉಳಿಕೆ ಶೂನ್ಯದ ಹತ್ತಿರ ಇರಬೇಕು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಎಎಪಿಎಂನ 2009ರ ಟಿಜಿ-142 ವರದಿಯ ಪ್ರಕಾರ ಸಾಮಾನ್ಯ ಚಿಕಿತ್ಸೆಗೆ 2 ಮಿ.ಮೀ., ಸಣ್ಣ ಗುರಿಗೆ ಕೆಲವೇ ಕಂತಿನಲ್ಲಿ ಹೆಚ್ಚು ಡೋಸ್ ಕೊಡುವ ಸ್ಟೀರಿಯೊಟ್ಯಾಕ್ಟಿಕ್ ಚಿಕಿತ್ಸೆಗೆ 1 ಮಿ.ಮೀ. ಮಿತಿ. ಒಂದೇ ಪರೀಕ್ಷೆಯಲ್ಲಿ ಲೇಸರ್, ಚಿತ್ರ, ಹೊಂದಿಸುವ ಸಾಫ್ಟ್‌ವೇರ್, ಕೌಚಿನ ಮೋಟಾರು ನಾಲ್ಕನ್ನೂ ನೋಡಿದಂತಾಯಿತು. ಇದರ ಜೊತೆಗೆ ಇಮೇಜರ್ ತೋಳಿನ ಡಿಕ್ಕಿ ತಡೆಯುವ ಇಂಟರ್‌ಲಾಕನ್ನು ಕೈಯಿಂದ ಒತ್ತಿ ನೋಡಿ.

ನಮ್ಮ ಕಡೆ ಬೇಸಿಗೆಯಲ್ಲಿ 42, 43 ಡಿಗ್ರಿ ಸಾಮಾನ್ಯ. ಯಂತ್ರ ತಂಪಾಗಿಡುವ ಚಿಲ್ಲರ್ ಕೈಕೊಟ್ಟ ದಿನ, ಕರೆಂಟ್ ಹೋಗಿ ಯಂತ್ರ ಮತ್ತೆ ಏಳಿಸಿದ ದಿನ, ಬೆಳಗ್ಗೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದುಕೊಳ್ಳಿ. ಕ್ಯೂಬನ್ನು ಮತ್ತೆ ಇಡಿ. ಇಮೇಜರ್ ತೋಳು ತನ್ನ ಸ್ಥಾನ ಮತ್ತೆ ಗುರುತಿಸಿಕೊಳ್ಳುವಾಗ ಒಂದೆರಡು ಮಿ.ಮೀ. ಎಡವಬಹುದು. ಚಿತ್ರ ಹಿಡಿಯುವ ಪ್ಯಾನೆಲ್ ಬಿಸಿಯಾದರೆ ಚಿತ್ರದಲ್ಲಿ ಗೆರೆ, ಕಲೆ, ಹಿಂದಿನ ಚಿತ್ರದ ನೆರಳು ಕಾಣತೊಡಗುತ್ತವೆ. ಆಗ ಫಿಸಿಸಿಸ್ಟರಿಗೆ ತಿಳಿಸಿ ಕಿರಣವಿಲ್ಲದೆ ತೆಗೆಯುವ ಡಾರ್ಕ್ ಫೀಲ್ಡ್, ಅಡ್ಡ ಏನೂ ಇಡದೆ ಕಿರಣ ಬಿಟ್ಟು ತೆಗೆಯುವ ಫ್ಲಡ್ ಫೀಲ್ಡ್ ಕ್ಯಾಲಿಬ್ರೇಶನ್ ಮಾಡಿಸಬೇಕು.

ಸಿಮ್ಯುಲೇಶನ್ ದಿನ ಬಿತ್ತಿದ್ದೇ ಬೆಳೆಯುವುದು

ಚಿಕಿತ್ಸೆಯ ಕೋಣೆಯಲ್ಲಿ ಕಾಣುವ ಅರ್ಧ ತೊಂದರೆಗಳು ಹುಟ್ಟುವುದು ಸಿಟಿ ಕೋಣೆಯಲ್ಲಿ, ಸಿಮ್ಯುಲೇಶನ್ ದಿನ, ಅಂದರೆ ಮಾಸ್ಕ್ ಮಾಡಿ ಪ್ಲಾನಿಂಗ್ ಸಿಟಿ ತೆಗೆಯುವ ದಿನ. ಥರ್ಮೊಪ್ಲಾಸ್ಟಿಕ್ ಹಾಳೆಯನ್ನು 65ರಿಂದ 70 ಡಿಗ್ರಿ ನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂಡಿಸುತ್ತೇವೆ. ಆರುವಾಗ ಅದು ಕುಗ್ಗುತ್ತದೆ. ಅವಸರ ಮಾಡಿ ಬೇಗ ತೆಗೆದರೆ ಮರುದಿನ ಮೂಗಿನ ಮೇಲೆ ಬಿಗಿ, ಗದ್ದದ ಕೆಳಗೆ ಸಡಿಲ. ಹತ್ತು ನಿಮಿಷ ಹಾಗೇ ಬಿಡುವುದು ಒಳ್ಳೆಯದು.

ಮಾಸ್ಕ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಹೆಂಗಸರ ತುರುಬು ಅಥವಾ ಜಡೆ ತಲೆದಿಂಬಿನ ಮೇಲೆ ಎಲ್ಲಿ ಕೂಡುತ್ತದೆ? ಸಿಮ್ಯುಲೇಶನ್ ದಿನ ತುರುಬು, ಚಿಕಿತ್ಸೆಯ ದಿನ ಬಿಚ್ಚಿದ ಜಡೆ ಆದರೆ ತಲೆ ಒಂದು ಸೆಂ.ಮೀ. ಮೇಲೆ-ಕೆಳಗಾಗಿ ಗದ್ದದ ಕೋನವೇ ಬದಲು. ಕೂದಲನ್ನು ಮೇಲಕ್ಕೆ, ದಿಂಬಿನ ಆಚೆ ತೆಗೆದು ಕಟ್ಟುವಂತೆ ಮೊದಲ ದಿನವೇ ಹೇಳಿ, ಹಾಳೆಯಲ್ಲಿ ಬರೆಯಿರಿ. ಗಂಡಸರ ಗಡ್ಡ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ. ಅರ್ಧ ಚಿಕಿತ್ಸೆಯಾದ ಮೇಲೆ ಬೋಳಿಸಿದರೆ ಮಾಸ್ಕ್ ಸಡಿಲ. ಮೂಗುತಿ, ತಾಳಿ, ಕಿವಿಯ ಓಲೆ, ತೋಳಿನ ತಾಯತ, ನಡುವಿನ ಬೆಳ್ಳಿ ಉಡದಾರ ಇವೆಲ್ಲ ಚಿತ್ರದಲ್ಲಿ ಬೆಳ್ಳಗೆ ಹೊಳೆದು ಪಕ್ಕದ ಎಲುಬನ್ನು ನುಂಗುತ್ತವೆ. ತಾಳಿ, ತಾಯತ ತೆಗೆಯಲು ಮನಸ್ಸು ಒಪ್ಪದವರು ಬಹಳ. ಗದರಿಸಬೇಡಿ. ಮನೆಯವರ ಕೈಗೆ ಕೊಟ್ಟು, ಮುಗಿದ ಕೂಡಲೇ ಬಾಗಿಲಲ್ಲೇ ಹಾಕಿಕೊಳ್ಳಲು ಬಿಟ್ಟರೆ ಹೆಚ್ಚಿನವರು ಒಪ್ಪುತ್ತಾರೆ. ಅರಿಷಿಣದ ದಾರದ ತಾಳಿ ಸರ ಬಿಟ್ಟು ಲೋಹದ ಭಾಗ ಮಾತ್ರ ಪಕ್ಕಕ್ಕೆ ಸರಿಸಿ ಅಂಟಿಸುವುದೂ ಒಂದು ದಾರಿ, ಅದು ಚಿಕಿತ್ಸೆಯ ಜಾಗದಿಂದ ದೂರ ಇದ್ದರೆ.

ಗುರುತಿನ ವಿಷಯದಲ್ಲಿ ಈ ಭಾಗಕ್ಕೇ ಹೊಂದುವ ಒಂದು ಎಚ್ಚರಿಕೆ: ವಯಸ್ಸಾದ ಹೆಂಗಸರ ಮೈಮೇಲೆ ಹಳೆಯ ಹಸಿರು ಹಚ್ಚೆಯ ಚುಕ್ಕಿಗಳಿರುತ್ತವೆ. ನಾವು ಹಾಕಿದ ಟ್ಯಾಟೂ ಚುಕ್ಕಿಗೂ ಅದಕ್ಕೂ ಮಬ್ಬು ಬೆಳಕಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಸಿಮ್ಯುಲೇಶನ್ ದಿನವೇ ಗುರುತಿನ ಫೋಟೊ ತೆಗೆದು, ಹೊಕ್ಕುಳಿಂದ ಅಥವಾ ಎದೆಗುಳಿಯಿಂದ ಎಷ್ಟು ಸೆಂ.ಮೀ. ದೂರ ಎಂದು ಬರೆದಿಡಿ. ಸ್ಕೆಚ್ ಪೆನ್ನಿನ ಗುರುತಾದರೆ ಬೆವರಿಗೆ ಮೂರು ದಿನವೂ ನಿಲ್ಲುವುದಿಲ್ಲ. ಮನೆಯಲ್ಲಿ ಯಾರೋ ಅಕ್ಕರೆಯಿಂದ ಎಣ್ಣೆ ಹಚ್ಚಿದರೆ ಒಂದೇ ದಿನ. ಅಳಿಸಿದ ಗುರುತನ್ನು ರೋಗಿಯೇ ಬಾಲ್‌ಪೆನ್ನಿನಿಂದ ತಿದ್ದಿಕೊಂಡು ಬರುವುದುಂಟು. ತಿದ್ದಿದ ಗೆರೆ ದಪ್ಪವಾಗಿ, ಡೊಂಕಾಗಿ ಇದ್ದರೆ ಅದನ್ನು ನಂಬಬೇಡಿ.

ಮಾಸ್ಕನ್ನು ರೋಗಿಯ ಕೈಗೆ ಕೊಟ್ಟು ಕಳಿಸಬೇಡಿ. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ ಅದು ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ.

ಕೋಣೆಯೊಳಗೆ

ಮೊದಲು ಹೆಸರು. ಶರಣಬಸಪ್ಪ, ಶರಣಪ್ಪ, ಮಲ್ಲಮ್ಮ, ಭೀಮಬಾಯಿ ಇಂಥ ಹೆಸರು ಒಂದೇ ದಿನದ ಪಟ್ಟಿಯಲ್ಲಿ ಎರಡೆರಡು ಇರುವುದು ಇಲ್ಲಿ ಅಪರೂಪವಲ್ಲ. ‘ಶರಣಪ್ಪ ಬರ್ರಿ’ ಎಂದು ಕರೆದರೆ ಕಿವಿ ಮಂದವಾದ ಇನ್ನೊಬ್ಬ ಅಜ್ಜ ಎದ್ದು ಬರುತ್ತಾರೆ. ನೀವು ಹೆಸರು ಹೇಳಿ ‘ಹೌದಾ?’ ಎನ್ನಬೇಡಿ, ‘ನಿಮ್ಮ ಹೆಸರು ಏನ್ರಿ? ಯಾವ ಊರು?’ ಎಂದು ಅವರ ಬಾಯಿಂದಲೇ ಕೇಳಿ, ಫೋಟೊ ಮತ್ತು ನಂಬರ್ ಎರಡನ್ನೂ ತಾಳೆ ನೋಡಿ.

ನಂತರ ತಲೆದಿಂಬು. ಅಚ್ಚಿನ ತಲೆದಿಂಬುಗಳು ಅಕ್ಷರದ ಗುರುತಿನಲ್ಲಿ ಬರುತ್ತವೆ, ದೂರದಿಂದ ಎಲ್ಲ ಒಂದೇ ಥರ. ‘ಬಿ’ ಬದಲು ‘ಸಿ’ ಇಟ್ಟರೂ ಮಾಸ್ಕ್ ಹೇಗೋ ಕೂಡುತ್ತದೆ, ಗದ್ದ ಮಾತ್ರ ಬಾಗುತ್ತದೆ. ಬೇಸ್‌ಪ್ಲೇಟನ್ನು ಕೌಚಿನ ಸರಿಯಾದ ಇಂಡೆಕ್ಸ್ ತೂತಿಗೆ ಹಾಕಿ. ಮೊಣಕಾಲಿನ ಕೆಳಗಿನ ಆಸರೆಯನ್ನೂ ಮರೆಯಬೇಡಿ. ಅದಿಲ್ಲದೆ ಸೊಂಟದ ಎಲುಬು ಮುಂದಕ್ಕೆ ಹೊರಳುತ್ತದೆ.

ಈ ಕಡೆ ಜನ ರೇಡಿಯೇಶನ್ನಿಗೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಶಾಕ್ ಹೊಡೆಯುತ್ತದೆ ಎಂದು ಹೆದರಿದವರು ಭುಜ ಮೇಲೆತ್ತಿ, ಹಲ್ಲು ಕಚ್ಚಿ ಮಲಗುತ್ತಾರೆ. ಎರಡು ನಿಮಿಷದ ಮೇಲೆ ಮೈ ಸಡಿಲ ಬಿಟ್ಟಾಗ ಭುಜ ಒಂದು ಸೆಂ.ಮೀ. ಕೆಳಗೆ ಇಳಿದಿರುತ್ತದೆ. ಚಿತ್ರ ತೆಗೆದದ್ದು ಎತ್ತಿದ ಭುಜದಲ್ಲಿ, ಚಿಕಿತ್ಸೆ ಕೊಟ್ಟದ್ದು ಇಳಿದ ಭುಜದಲ್ಲಿ! ಆದ್ದರಿಂದ ಮೊದಲೇ ಹೇಳಿ: ‘ಯವ್ವಾ, ಫೋಟೊ ತೆಗೀತೀವ್ರಿ ಅಷ್ಟ. ಯಂತ್ರ ಸುತ್ತ ತಿರಗ್ತದ, ಮೈಗೆ ತಾಕಂಗಿಲ್ಲ. ಮೈ ಸಡ್ಲ ಬಿಡ್ರಿ, ಉಸುರು ಸಾದಾ ಆಡ್ರಿ, ಅಲಗಾಡಬ್ಯಾಡ್ರಿ.’ ಬೀದರ್ ಗಡಿಯಿಂದ ಬಂದವರಿಗೆ ಮರಾಠಿ, ತೆಲುಗು ಅಥವಾ ಉರ್ದುವಿನಲ್ಲಿ, ತಾಂಡಾದಿಂದ ಬಂದವರಿಗೆ ಲಂಬಾಣಿಯಲ್ಲಿ ಈ ನಾಲ್ಕು ಮಾತು ಬರೆದು ಗೋಡೆಗೆ ಅಂಟಿಸಿಟ್ಟರೆ ಕೆಲಸಕ್ಕೆ ಬರುತ್ತದೆ.

ಮೂರು ಗುರುತುಗಳಿಗೆ ಲೇಸರ್ ಕೂಡಿಸಿ. ಪ್ಲಾನ್ ಹಾಳೆಯಲ್ಲಿ ಗುರುತಿನಿಂದ ಐಸೊಸೆಂಟರಿಗೆ ಸರಿಸಬೇಕಾದ ಅಳತೆ ಇದ್ದರೆ ಸರಿಸಿ, ಎಸ್‌ಎಸ್‌ಡಿ ಓದಿ. ಕಿರಣದ ಮೂಲದಿಂದ ಚರ್ಮಕ್ಕಿರುವ ಈ ದೂರ ಪ್ಲಾನಿನ ಸಂಖ್ಯೆಗಿಂತ 5 ಮಿ.ಮೀ.ಗಿಂತ ಹೆಚ್ಚು ಬೇರೆಯಾದರೆ ಅಲ್ಲೇ ನಿಲ್ಲಿ. ದುಡ್ಡಿಲ್ಲದೆ, ಡೋಸಿಲ್ಲದೆ ಸಿಗುವ ಪರೀಕ್ಷೆ ಇದು. ಚಿತ್ರ ಬಂದ ಮೇಲೆ ಇದನ್ನು ಓದುವ ರೂಢಿ ಬಿಡುತ್ತಿರುವುದು ಸರಿಯಲ್ಲ.

ಯಾವ ಚಿತ್ರ, ಯಾಕೆ

ಚಿಕಿತ್ಸೆಯ ಕಿರಣದಿಂದಲೇ ತೆಗೆಯುವುದು ಪೋರ್ಟಲ್ ಚಿತ್ರ. ರೋಗಿಯ ಆಚೆ ಬದಿಗೆ ಚಾಚಿಕೊಳ್ಳುವ ಎಪಿಡ್ (ಎಲೆಕ್ಟ್ರಾನಿಕ್ ಪೋರ್ಟಲ್ ಇಮೇಜರ್) ಪ್ಯಾನೆಲ್ಲಿನಲ್ಲಿ ಮೇಲೆ ತೆಳುವಾದ ತಾಮ್ರದ ತಗಡು, ಅದರ ಕೆಳಗೆ ಬೆಳಕು ಚೆಲ್ಲುವ ಫಾಸ್ಫರ್ ಪದರ, ಅದರ ಕೆಳಗೆ ಅಮಾರ್ಫಸ್ ಸಿಲಿಕಾನಿನ ಬೆಳಕು ಹಿಡಿಯುವ ಚುಕ್ಕಿಗಳು. ಮೆಗಾವೋಲ್ಟೇಜಿನಲ್ಲಿ, ಅಂದರೆ ಚಿಕಿತ್ಸೆಯ ಹೆಚ್ಚು ಶಕ್ತಿಯಲ್ಲಿ, ಕಿರಣ ಹೆಚ್ಚಾಗಿ ಕಾಂಪ್ಟನ್ ಚದುರಿಕೆಯಿಂದ ಕಳೆದುಹೋಗುತ್ತದೆ. ಅದಕ್ಕೆ ಎಲುಬಿನ ಕ್ಯಾಲ್ಸಿಯಂ, ಮಾಂಸ ಎಂಬ ಭೇದ ಅಷ್ಟಾಗಿ ಇಲ್ಲ. ಆದ್ದರಿಂದ ಚಿತ್ರ ಬೂದಿ ಬಳಿದಂತೆ ಇರುತ್ತದೆ. ಪ್ಯಾನೆಲ್ ಕೆಟ್ಟಿದೆ ಎಂದು ಹೊಸಬರು ದೂರುತ್ತಾರೆ. ಕೆಟ್ಟಿಲ್ಲ, ಭೌತಶಾಸ್ತ್ರವೇ ಹಾಗೆ. ಕಿಲೋವೋಲ್ಟೇಜಿನಲ್ಲಿ ಫೋಟೊಎಲೆಕ್ಟ್ರಿಕ್ ಹೀರಿಕೆ ಮುಖ್ಯವಾದ್ದರಿಂದ ಎಲುಬು ಎದ್ದು ಕಾಣುತ್ತದೆ, ಡೋಸೂ ಬಹಳ ಕಡಿಮೆ.

ಹಾಗಾದರೆ ಪೋರ್ಟಲ್ ಚಿತ್ರ ಬೇಡವೇ? ಬೇಕು. ಚಿಕಿತ್ಸೆಯ ಕಿರಣದ ಅಂಚು, ಎಂಎಲ್‌ಸಿ (ಕಿರಣಕ್ಕೆ ಆಕಾರ ಕೊಡುವ ಲೋಹದ ಪಟ್ಟಿ) ಎಲೆಗಳ ಆಕಾರ ನಿಜವಾಗಿ ಎಲ್ಲಿ ಬಿದ್ದಿದೆ ಎಂಬುದನ್ನು ಅದೊಂದೇ ತೋರಿಸುವುದು. ಎರಡು ಸಲ ಎಕ್ಸ್‌ಪೋಸ್ ಮಾಡುವ ಪದ್ಧತಿಯಲ್ಲಿ ಮೊದಲು ಚಿಕಿತ್ಸೆಯ ಫೀಲ್ಡಿನಲ್ಲಿ (ಕಿರಣ ಬೀಳುವ ಜಾಗದಲ್ಲಿ) ಒಂದೆರಡು ಎಂಯು (ಮಾನಿಟರ್ ಯೂನಿಟ್, ಯಂತ್ರ ಬಿಡುವ ಕಿರಣದ ಅಳತೆ), ಆಮೇಲೆ ಸುತ್ತಲಿನ ಎಲುಬು ಕಾಣುವಂತೆ ಫೀಲ್ಡ್ ಅಗಲಿಸಿ ಒಂದೆರಡು ಎಂಯು. ಅಗಲಿಸುವಾಗ ಕಣ್ಣು, ಸ್ಪೈನಲ್ ಕಾರ್ಡ್ ಒಳಗೆ ಬರುತ್ತವೆಯೇ ನೋಡಿ. ಈ ಎಂಯುಗಳು ದಿನವೂ ಸೇರುತ್ತಾ ಹೋದರೆ ಲೆಕ್ಕಕ್ಕೆ ಹಿಡಿಯಬೇಕು.

ಕೆವಿ ಜೋಡಿ ಚಿತ್ರವೆಂದರೆ ಮುಂದಿನಿಂದ ಒಂದು, ಪಕ್ಕದಿಂದ ಒಂದು. ಸೊಂಟದ ಪಕ್ಕದ ಚಿತ್ರಕ್ಕೆ ಮುಂದಿನದಕ್ಕಿಂತ ಬಹಳ ಹೆಚ್ಚು ಕೆವಿ, ಎಂಎಎಸ್ (ಎಕ್ಸ್-ರೇಯ ಪ್ರಮಾಣ) ಬೇಕು. ಪ್ರಿಸೆಟ್ ಬದಲಿಸದೆ ಒತ್ತಿದರೆ ಬರುವುದು ಬರೀ ಬಿಳಿ ಮಂಜು. ಮಕ್ಕಳಿಗೆ ಮಕ್ಕಳ ಪ್ರಿಸೆಟ್ಟೇ ಹಾಕಿ, ಎಕ್ಸ್-ರೇ ಬೀಳುವ ಜಾಗ ಕಿರಿದು ಮಾಡುವ ಬ್ಲೇಡನ್ನು ಬೇಕಾದಷ್ಟಕ್ಕೆ ಮುಚ್ಚಿ.

ಸಿಬಿಸಿಟಿ (ಕೋನ್ ಬೀಮ್ ಸಿಟಿ) ಅಂದರೆ ಗ್ಯಾಂಟ್ರಿ (ಯಂತ್ರದ ತಿರುಗುವ ಭಾಗ) ಸುತ್ತು ಹಾಕುತ್ತಾ ಸುಮಾರು ಒಂದು ನಿಮಿಷದಲ್ಲಿ ತೆಗೆಯುವ ಮೂರು ಆಯಾಮದ ಚಿತ್ರ. ಇದರಲ್ಲಿ ಮೂತ್ರಕೋಶ, ಗುದನಾಳ, ಮಾಸ್ಕಿಗೂ ಚರ್ಮಕ್ಕೂ ನಡುವಿನ ಸಂದು ಎಲ್ಲ ಕಾಣುತ್ತವೆ. ತಲೆಗೆ ಫುಲ್ ಫ್ಯಾನ್, ಅಂದರೆ ಪ್ಯಾನೆಲ್ ನಡುವೆ, ಸುಮಾರು 200 ಡಿಗ್ರಿ ಸುತ್ತು. ಸೊಂಟಕ್ಕೆ ಹಾಫ್ ಫ್ಯಾನ್, ಪ್ಯಾನೆಲ್ ಪಕ್ಕಕ್ಕೆ ಸರಿದು, ಪೂರ್ತಿ 360 ಡಿಗ್ರಿ. ಮೈಯ ದಪ್ಪಕ್ಕೆ ತಕ್ಕಂತೆ ಕಿರಣ ಸಮ ಮಾಡುವ ಬೋ-ಟೈ ಫಿಲ್ಟರ್ ಅದಲು ಬದಲಾದರೆ ಚಿತ್ರದಲ್ಲಿ ಅರ್ಧಚಂದ್ರದ ನೆರಳು ಬೀಳುತ್ತದೆ. ಸುತ್ತು ಹಾಕುವ ಮೊದಲು ಕೋಣೆಯಲ್ಲಿ ನಿಂತೇ ಡಿಕ್ಕಿ ನೋಡಿ. ಐಸೊಸೆಂಟರ್ ಒಂದು ಬದಿಗಿದ್ದಾಗ ಕೌಚ್ ಇನ್ನೊಂದು ಬದಿಗೆ ಸರಿದಿರುತ್ತದೆ, ಪ್ಯಾನೆಲ್ ಅದರ ಅಂಚಿಗೆ ಅಥವಾ ರೋಗಿಯ ಮೊಣಕೈಗೆ ತಾಗಬಹುದು.

ಹೊಂದಿಸುವುದು

ಪ್ಲಾನಿಂಗ್ ಸಿಟಿಯಿಂದ ಕಂಪ್ಯೂಟರ್ ಕಟ್ಟಿದ ಎಕ್ಸ್-ರೇಯನ್ನು ಡಿಆರ್‌ಆರ್ ಎನ್ನುತ್ತಾರೆ. ಸಿಟಿ ಸ್ಲೈಸ್ 5 ಮಿ.ಮೀ. ಇದ್ದರೆ ಡಿಆರ್‌ಆರ್‌ನಲ್ಲಿ ಎಲುಬಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ, ತಲೆ-ಕಾಲಿನ ದಿಕ್ಕಿನ ಹೊಂದಿಕೆ ಮಂಕಾಗುತ್ತದೆ. ತಲೆ-ಕುತ್ತಿಗೆಗೆ 2ರಿಂದ 3 ಮಿ.ಮೀ. ಸ್ಲೈಸ್ ಬೇಕು ಎನ್ನುವುದು ಇದಕ್ಕೂ ಸೇರಿ.

ಆಟೋ-ಮ್ಯಾಚ್ ಒತ್ತುವ ಮೊದಲು ಅದು ನೋಡಬೇಕಾದ ಚೌಕವನ್ನು ನೀವು ಎಳೆಯಿರಿ. ಯಂತ್ರಕ್ಕೆ ಯಾವ ಎಲುಬು ಮುಖ್ಯ ಎಂದು ಗೊತ್ತಿಲ್ಲ; ಚೌಕದೊಳಗೆ ಏನು ಹೆಚ್ಚಿದೆಯೋ ಅದಕ್ಕೆ ಹೊಂದಿಸುತ್ತದೆ. ಕೌಚಿನ ಅಂಚು, ತಲೆದಿಂಬು ಒಳಗೆ ಬಂದರೆ ಅವಕ್ಕೇ ಹೊಂದಿಸಿ ‘ಎಲ್ಲ ಸರಿ’ ಎಂದುಬಿಡುತ್ತದೆ. ತಲೆ-ಕುತ್ತಿಗೆಯಲ್ಲಿ ಕೆಳದವಡೆ, ನಾಲಿಗೆ ಬುಡದ ಎಲುಬು ಬಿಟ್ಟು, ತಲೆಬುರುಡೆಯ ತಳ ಮತ್ತು ಕುತ್ತಿಗೆಯ ಬೆನ್ನುಮಣಿಗಳನ್ನು ಒಳಗಿಡಿ. ಸೊಂಟದಲ್ಲಿ ತೊಡೆಯ ಎಲುಬು ಬಿಡಿ. ಕಾಲು ತಿರುಗಿದರೆ ಅದು ತಿರುಗುತ್ತದೆ. ಸೊಂಟದ ಒಳವರ್ತುಲ, ಸೇಕ್ರಮ್ (ಬೆನ್ನೆಲುಬಿನ ತಳದ ಎಲುಬು), ಪ್ಯೂಬಿಸ್ (ಸೊಂಟದ ಮುಂದಿನ ಎಲುಬು) ಸಾಕು.

ಆಟೋ ಮುಗಿದ ಮೇಲೆ ಕಣ್ಣಿನಿಂದ ನೋಡಿ. ಚದುರಂಗದ ಮನೆಗಳಂತೆ ಎರಡೂ ಚಿತ್ರ ಕಾಣುವ ಹಾಗೆ ಮಾಡಿ, ಎಲುಬಿನ ಅಂಚು ಮನೆಯಿಂದ ಮನೆಗೆ ಮುರಿಯದೆ ಹೋಗುತ್ತದೆಯೇ ಗಮನಿಸಿ. ಎದೆಯ ಭಾಗದಲ್ಲಿ ಒಂದು ಬಲೆ ಇದೆ. ಬೆನ್ನುಮಣಿಗಳು ಒಂದರಂತೆ ಒಂದು. ಯಂತ್ರ ಒಂದು ಮಣಿ ಮೇಲೆ ಹೊಂದಿಸಿದರೂ ಚಿತ್ರ ಚೆಂದವೇ ಕಾಣುತ್ತದೆ, ಸುಮಾರು ಎರಡೂವರೆ ಸೆಂ.ಮೀ. ತಪ್ಪಿರುತ್ತದೆ. ಶ್ವಾಸನಾಳ ಕವಲೊಡೆಯುವ ಜಾಗ, ಮೊದಲ ಪಕ್ಕೆಲುಬು, ಕೊನೆಯ ಪಕ್ಕೆಲುಬು ಇವುಗಳಿಂದ ಮಣಿ ಎಣಿಸಿಯೇ ಒಪ್ಪಬೇಕು.

ಸಂಖ್ಯೆ ಮಾತಾಡುವುದು

ಮಿತಿಗಳು ವಿಭಾಗದಿಂದ ವಿಭಾಗಕ್ಕೆ ಬೇರೆ. ಸಾಮಾನ್ಯವಾಗಿ ತಲೆ-ಕುತ್ತಿಗೆಗೆ 3 ಮಿ.ಮೀ., ಸೊಂಟಕ್ಕೆ 5 ಮಿ.ಮೀ., ತಿರುಚಿಗೆ 3 ಡಿಗ್ರಿ. ಇದರೊಳಗೆ ಬಂದರೆ ನಿಯಮದಂತೆ ಮುಂದುವರಿಯಿರಿ. ಮಿತಿ ದಾಟಿದಾಗ, ವಿಶೇಷವಾಗಿ 10 ಮಿ.ಮೀ. ದಾಟಿದಾಗ, ಕೌಚ್ ಸರಿಸಿ ಮುಗಿಸುವ ಆಸೆ ಬಿಡಿ. ಒಳಗೆ ಹೋಗಿ.

ಸಂಖ್ಯೆಯನ್ನು ಪ್ಲಾನ್ ಹಾಳೆಯ ಪಕ್ಕ ಇಟ್ಟು ನೋಡಿ. ಹಾಳೆಯಲ್ಲಿ ಗುರುತಿನಿಂದ ಎಡಕ್ಕೆ 30 ಮಿ.ಮೀ. ಸರಿಸಬೇಕೆಂದಿದ್ದು, ಚಿತ್ರವೂ 30 ಕೇಳಿದರೆ, ಆ ಸರಿಸುವುದನ್ನೇ ಮರೆತಿದ್ದೀರಿ. 60 ಕೇಳಿದರೆ, ಎಡದ ಬದಲು ಬಲಕ್ಕೆ ಸರಿಸಿದ್ದೀರಿ. ಹತ್ತು ಮಿ.ಮೀ. ಮೇಲೆ-ಕೆಳಗಿನದು ಮಾತ್ರ ತಪ್ಪಿದ್ದರೆ ಗಾದಿ ಅಥವಾ ತಲೆದಿಂಬು ಬೇರೆ. ಕುತ್ತಿಗೆಯ ಬಾಗು ಬೇರೆಯಾಗಿದ್ದರೆ ಜಡೆ, ಭುಜ. ಇವತ್ತಿನ ಎಲ್ಲ ರೋಗಿಗಳಿಗೂ ಒಂದೇ ದಿಕ್ಕಿಗೆ 3, 4 ಮಿ.ಮೀ. ಬರುತ್ತಿದ್ದರೆ ರೋಗಿಗಳನ್ನು ಬಿಡಿ, ಲೇಸರನ್ನು ನೋಡಿ.

ಚಿಹ್ನೆಯ ಗೊಂದಲ ಇನ್ನೊಂದು. ‘+4’ ಅಂದರೆ ಕೌಚ್ ಸರಿಯಬೇಕಾದ ದಿಕ್ಕೋ, ರೋಗಿ ತಪ್ಪಿರುವ ದಿಕ್ಕೋ? ಕಂಪನಿಯಿಂದ ಕಂಪನಿಗೆ ಬೇರೆ. ಕೈಯಿಂದ ಸರಿಸುವ ಕಡೆ ಗೋಡೆಯ ಮೇಲೆ ಕೌಚಿನ ಚಿತ್ರ ಬರೆದು, ಬಾಣ ಹಾಕಿ, ‘ಕಿಟಕಿ ಕಡೆ’, ‘ಬಾಗಿಲ ಕಡೆ’ ಎಂದು ಬರೆಯುವುದು ಎಷ್ಟೋ ವಾಸಿ. ರೋಗಿಯ ಎಡ, ನಮ್ಮ ಎಡ ಎಂಬ ಜಗಳವೇ ಇರುವುದಿಲ್ಲ.

ತಲೆಬುರುಡೆ ಸರಿಯಾಗಿ ಕೂತು, ಏಳನೇ ಕುತ್ತಿಗೆಮಣಿ 6 ಮಿ.ಮೀ. ಆಚೆ ಇದ್ದರೆ ಅದು ಬಾಗು. ಆರು ದಿಕ್ಕಿಗೆ ಚಲಿಸುವ ಕೌಚೂ ಅದನ್ನು ನೇರ ಮಾಡಲಾರದು. ಅದು ರೋಗಿಯನ್ನು ಇಡಿಯಾಗಿ ವಾಲಿಸುತ್ತದೆ, ಕುತ್ತಿಗೆ ಬಿಡಿಸುವುದಿಲ್ಲ. ನಡುವೆ ಎಲ್ಲೋ ‘ಸರಾಸರಿ’ ಮಾಡಿ ಹೊಂದಿಸಿದರೆ ಎರಡೂ ಕಡೆ 3 ಮಿ.ಮೀ. ತಪ್ಪು ಮತ್ತು ಸ್ಪೈನಲ್ ಕಾರ್ಡ್ ಹೆಚ್ಚು ಡೋಸಿನ ಅಂಚಿಗೆ ಹತ್ತಿರ. ಮಾಸ್ಕ್ ತೆಗೆದು, ಭುಜ ಕೆಳಗೆ ಎಳೆಸಿ, ಮತ್ತೆ ಕೂಡಿಸಿ. ಐದು ನಿಮಿಷ ಹೋಗುತ್ತದೆ, ಹೋಗಲಿ. ಮೂರು ದಿನ ಸತತ ಹೀಗೇ ಬಂದರೆ ವೈದ್ಯರಿಗೆ, ಫಿಸಿಸಿಸ್ಟರಿಗೆ ತೋರಿಸಿ.

ಸರಿಸಿದ ಅಳತೆ ದೊಡ್ಡದಿದ್ದರೆ ಸರಿಸಿದ ಮೇಲೆ ಇನ್ನೊಂದು ಚಿತ್ರ ತೆಗೆಯಲೇಬೇಕು. ಚಿತ್ರಕ್ಕೂ ಕಿರಣಕ್ಕೂ ನಡುವೆ ಹೆಚ್ಚು ಹೊತ್ತು ಬಿಡಬೇಡಿ. ಫೋನ್ ಬಂತೆಂದು ಹತ್ತು ನಿಮಿಷ ಹೋದರೆ ಆ ಚಿತ್ರ ಹಳೆಯದಾಯಿತು.

ಮೊದಲ ಮೂರು ದಿನದ ಲೆಕ್ಕ

ದಿನವೂ ಚಿತ್ರ ತೆಗೆಯುವಷ್ಟು ಹೊತ್ತು ಎಲ್ಲ ಕಡೆ ಇರುವುದಿಲ್ಲ. ಆಗ ಕೆಲಸಕ್ಕೆ ಬರುವುದು ತಪ್ಪಿನ ಎರಡು ಜಾತಿಯ ಅರಿವು. ತೊಗರಿ ಅಡತಿಯಲ್ಲಿ ತಕ್ಕಡಿಯ ಮುಳ್ಳೇ ಓರೆ ಇದ್ದರೆ ಪ್ರತಿ ಚೀಲಕ್ಕೂ ಅಷ್ಟೇ ಕಡಿಮೆ ಬೀಳುತ್ತದೆ. ತೂಗುವವನ ಕೈ ಅಲುಗಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮೊದಲನೆಯದು ಸಿಸ್ಟಮ್ಯಾಟಿಕ್, ಎರಡನೆಯದು ರ‍್ಯಾಂಡಮ್. ಮೊದಲನೆಯದು 35 ದಿನವೂ ಗಡ್ಡೆಯ ಒಂದೇ ಅಂಚನ್ನು ಕಿರಣದ ಹೊರಗೆ ಇಡುತ್ತದೆ. ಅದಕ್ಕೇ ವ್ಯಾನ್ ಹರ್ಕ್ ಅವರ ಮಾರ್ಜಿನ್ (ಗಡ್ಡೆಯ ಸುತ್ತ ಬಿಡುವ ಅಂಚು) ಸೂತ್ರದಲ್ಲಿ ಸಿಸ್ಟಮ್ಯಾಟಿಕ್ ತಪ್ಪಿಗೆ 2.5 ಪಟ್ಟು, ರ‍್ಯಾಂಡಮ್ ತಪ್ಪಿಗೆ 0.7 ಪಟ್ಟು ತೂಕ. ಎರಡೂ 2 ಮಿ.ಮೀ. ಇದ್ದರೆ 5 ಮತ್ತು 1.4 ಕೂಡಿ 6.4 ಮಿ.ಮೀ. ಅಂಚು ಬಿಡಬೇಕು. ಸಿಸ್ಟಮ್ಯಾಟಿಕ್ ತಪ್ಪನ್ನು 1ಕ್ಕೆ ಇಳಿಸಿದರೆ ಅಂಚು 3.9ಕ್ಕೆ ಬರುತ್ತದೆ, ಲಾಲಾರಸದ ಗ್ರಂಥಿ ಬದುಕಿಕೊಳ್ಳಲು ಅಷ್ಟು ಜಾಗ ಸಿಕ್ಕಿತು.

ಕ್ರಮ ಹೀಗೆ. ಮೊದಲ ಮೂರು ದಿನ ಚಿತ್ರ ತೆಗೆದು ಬರೆಯಿರಿ. ಎಡಕ್ಕೆ 4, 3, 5 ಬಂದರೆ ಸರಾಸರಿ 4. ಮೇಲೆ-ಕೆಳಗೆ -1, +2, -1 ಬಂದರೆ ಸರಾಸರಿ ಸೊನ್ನೆ. ನಾಲ್ಕನೇ ದಿನದಿಂದ ಗುರುತಿಗೆ ಕೂಡಿಸಿದ ಮೇಲೆ ಎಡ-ಬಲದಲ್ಲಿ 4 ಮಿ.ಮೀ. ತಿದ್ದಿ, ಮೇಲೆ-ಕೆಳಗಿನದನ್ನು ಮುಟ್ಟಬೇಡಿ. ನಾಲ್ಕನೇ ದಿನ ಚಿತ್ರ ತೆಗೆದು ತಿದ್ದಿದ್ದು ಸರಿಯಾದ ದಿಕ್ಕಿಗೇ ಎಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ವಾರಕ್ಕೊಮ್ಮೆ ನೋಡಿ. ಮೊದಲ ದಿನವೇ 4 ಬಂತೆಂದು ಗುರುತನ್ನೇ ಬದಲಿಸುವ ಅವಸರ ಬೇಡ. ಆ 4ರಲ್ಲಿ ಎಷ್ಟು ಓರೆ ಮುಳ್ಳು, ಎಷ್ಟು ಅಲುಗಿದ ಕೈ ಎಂದು ಒಂದೇ ದಿನದಲ್ಲಿ ತಿಳಿಯದು. 10 ಮಿ.ಮೀ. ದಾಟಿದ್ದು ಬಂದರೆ ಮಾತ್ರ ಮೂರು ದಿನ ಕಾಯುವ ಮಾತಿಲ್ಲ.

ಮೂರನೇ ವಾರದ ಮಾಸ್ಕ್

ಬಾಯಿಹುಣ್ಣು ಶುರುವಾಗಿ ಜೋಳದ ರೊಟ್ಟಿ ನುಂಗಲಾಗದೆ ಅಂಬಲಿ, ಗಂಜಿಗೆ ಇಳಿದ ರೋಗಿಯ ಮುಖ ಮೂರು ನಾಲ್ಕು ವಾರಕ್ಕೆ ಸಣ್ಣದಾಗುತ್ತದೆ. ಮಾಸ್ಕ್ ಅದೇ ಗಾತ್ರ. ಒಳಗೆ ತಲೆ ಹೊರಳಲು ಜಾಗ. ಚಿತ್ರದಲ್ಲಿ ದಿನದಿನಕ್ಕೆ ತಿರುಚು ಬೇರೆ ಬೇರೆ ಬರುವುದು ಇದರ ಮೊದಲ ಸುಳಿವು. ಸಿಬಿಸಿಟಿಯಲ್ಲಿ ಮಾಸ್ಕಿಗೂ ಕೆನ್ನೆಗೂ ನಡುವೆ ಕಪ್ಪು ಸಂದು ಕಾಣುತ್ತದೆ. ಸಿಬಿಸಿಟಿ ಇಲ್ಲದ ಕಡೆ ಬೆರಳು ತೂರಿಸಿ ನೋಡಿ. ಸಂದಿಗೆ ಬಟ್ಟೆ, ಹತ್ತಿ ತುರುಕಬೇಡಿ. ತೂಕ ಶೇ. 10ರಷ್ಟು ಇಳಿದಿದ್ದರೆ ಹೊಸ ಮಾಸ್ಕ್, ಹೊಸ ಸಿಟಿ ಬೇಕಾಗಬಹುದು ಎಂದು ವೈದ್ಯರಿಗೆ ಹೇಳುವವರು ನೀವೇ ಆಗಿರುತ್ತೀರಿ. ಯಾಕೆಂದರೆ ಮಾಸ್ಕನ್ನು ದಿನವೂ ಮುಟ್ಟುವವರು ನೀವು. ಪ್ರತಿ ಸೋಮವಾರ ತೂಕ ಬರೆದಿಟ್ಟರೆ ವಾದಕ್ಕೆ ಆಧಾರ ಸಿಗುತ್ತದೆ.

ಹೊಟ್ಟೆಯ ಕೆಳಗೆ

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಎಲುಬು ಮಿ.ಮೀ. ತಪ್ಪದೆ ಹೊಂದಿದರೂ ಗರ್ಭಕೋಶ ಸೆಂ.ಮೀ. ಲೆಕ್ಕದಲ್ಲಿ ಸರಿದಿರಬಹುದು, ಮೂತ್ರಕೋಶ ತುಂಬಿದ್ದಕ್ಕೆ ತಕ್ಕಂತೆ. ರೂಢಿಯ ಕ್ರಮ: ಮೂತ್ರ ಮಾಡಿ ಬಂದು, ಅರ್ಧ ಲೀಟರ್ ನೀರು ಕುಡಿದು, 30ರಿಂದ 45 ನಿಮಿಷ ಕಾಯುವುದು. ಯಾದಗಿರಿಯಿಂದ, ಬೀದರಿನಿಂದ ಬಸ್ಸಿನಲ್ಲಿ ಬರುವವರು ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದ ಒಂದು ಗುಟುಕೂ ಕುಡಿದಿರುವುದಿಲ್ಲ. ಬಿಸಿಲಿಗೆ ಒಣಗಿದ ಮೈ ಆ ಅರ್ಧ ಲೀಟರನ್ನು ಮೊದಲು ತಾನು ಹೀರಿಕೊಳ್ಳುತ್ತದೆ. ಮುಕ್ಕಾಲು ಗಂಟೆಯಾದರೂ ಮೂತ್ರಕೋಶ ಖಾಲಿ. ಸಿಮ್ಯುಲೇಶನ್ ದಿನ ಹೊರಗೆ ಕೂಲರ್ ಕೆಳಗೆ ಚೆನ್ನಾಗಿ ಕುಡಿದು ಕಾದವರು, ಚಿಕಿತ್ಸೆಯ ದಿನ ಓಡಿಬಂದರೆ ಎರಡು ಚಿತ್ರ ಹೊಂದುವುದೇ ಇಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯಲು, ಆಸ್ಪತ್ರೆಗೆ ಬಂದ ಮೇಲೆ ಅಳತೆಯ ಬಾಟಲಿಯಿಂದ ಕುಡಿಯಲು ಹೇಳಿ. ‘ನೀರು ಕುಡ್ದೀರೇನ್ರಿ?’ ಎಂದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ಎಷ್ಟೊತ್ತಿಗೆ ಕುಡುದ್ರಿ, ಎಷ್ಟು?’ ಎಂದು ಕೇಳಿ. ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ನೀರಿನ ಅಳತೆಯನ್ನು ವೈದ್ಯರೇ ಹೇಳಬೇಕು.

ಸಿಬಿಸಿಟಿಯಲ್ಲಿ ಗುದನಾಳ ಗಾಳಿಯಿಂದ ಉಬ್ಬಿ 4 ಸೆಂ.ಮೀ. ದಾಟಿದ್ದರೆ ಕೌಚಿನಿಂದ ಇಳಿಸಿ, ಶೌಚಕ್ಕೆ ಕಳಿಸಿ, ಮತ್ತೆ ಮಲಗಿಸಿ. ಮುಂದಿನ ರೋಗಿಗೆ ಜಾಗ ಬಿಟ್ಟುಕೊಟ್ಟು ಇವರನ್ನು ಆಮೇಲೆ ಕರೆಯುವುದು ಸುಲಭ. ಎಲುಬಿಗೆ ಹೊಂದಿದೆಯಲ್ಲ ಎಂದು ಕೊಟ್ಟುಬಿಡುವುದೂ ಸುಲಭ, ಅದೇ ತಪ್ಪು.

ಎದೆಗೋಡೆಯನ್ನು ಸವರಿಕೊಂಡು ಹೋಗುವ ಸ್ತನದ ಟ್ಯಾಂಜೆಂಟ್ ಫೀಲ್ಡುಗಳಲ್ಲಿ ಪೋರ್ಟಲ್ ಚಿತ್ರವೇ ಒಳ್ಳೆಯದು. ಫೀಲ್ಡಿನ ನಡುವೆ ಪಕ್ಕೆಲುಬಿನ ಒಳ ಅಂಚಿನಿಂದ ಫೀಲ್ಡಿನ ಹಿಂಬದಿಯ ಅಂಚಿನವರೆಗೆ ಕಾಣುವ ಶ್ವಾಸಕೋಶದ ಅಗಲ ಅಳೆಯಿರಿ, ಪ್ಲಾನಿಗೆ ಹೋಲಿಸಿ, 5 ಮಿ.ಮೀ. ಹೆಚ್ಚಾದರೆ ತೋಳಿನ ಕೋನ, ಬ್ರೆಸ್ಟ್ ಬೋರ್ಡಿನ ಇಳಿಜಾರು ನೋಡಿ. ಎಡಸ್ತನವಾದರೆ ಹೃದಯದ ಅಂಚನ್ನೂ.

ಕೋಬಾಲ್ಟ್ ಯಂತ್ರದ ಮೇಲೆ ಎಪಿಡ್, ಕೆವಿ ಎರಡೂ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಸಿಆರ್ ಕ್ಯಾಸೆಟ್ಟಿನ (ಫಿಲ್ಮಿನ ಬದಲು ಬಳಸುವ ಚಿತ್ರಫಲಕದ) ಮೇಲೆ ಪೋರ್ಟಲ್ ಚಿತ್ರ ತೆಗೆಯಬಹುದು, ಆದರೆ ಮೂಲದ ಗಾತ್ರ ದೊಡ್ಡದಾದ್ದರಿಂದ ಅಂಚು ಮಬ್ಬು, 2 ಮಿ.ಮೀ. ಹುಡುಕಲು ಹೋಗಬೇಡಿ, 5 ಮಿ.ಮೀ. ಕಂಡರೆ ಸಾಕು. ಅಲ್ಲಿ ಗುರುತು, ಎಸ್‌ಎಸ್‌ಡಿ, ತಲೆದಿಂಬಿನ ಅಕ್ಷರ ಇವೇ ಕಣ್ಣು.

ದಿನದ ಕೊನೆಗೆ ಬರೆಯುವ ಹಾಳೆಯಲ್ಲಿ ಮೂರು ಸಂಖ್ಯೆಗಳ ಪಕ್ಕ ಒಂದು ಖಾಲಿ ಅಂಕಣ ಬಿಡಿ. ‘4, 0, 2, ತಿದ್ದಿದೆ’ ಎಂದಷ್ಟೇ ಬರೆದರೆ ನಾಳೆ ಬೆಳಗಿನ ಪಾಳಿಯವರಿಗೆ ಏನೂ ತಿಳಿಯದು. ‘ಬಲಭುಜ ಎತ್ತಿತ್ತು, ಇಳಿಸಿದ ಮೇಲೆ 4 ಹೋಗಿ 1 ಆಯಿತು’, ‘ತುರುಬು ಕಟ್ಟಿ ಬಂದಿದ್ದರು, ಬಿಚ್ಚಿಸಿದೆ’, ‘ನೀರು 11ಕ್ಕೆ, ಮೂತ್ರಕೋಶ ಸಣ್ಣದು, ಇಪ್ಪತ್ತು ನಿಮಿಷ ಕಾಯಿಸಿದೆ’ ಎಂದು ಬರೆದರೆ, ಅವರು ಚಿತ್ರ ತೆಗೆಯುವ ಮೊದಲೇ ಭುಜ, ತುರುಬು, ನೀರಿನ ಹೊತ್ತು ನೋಡಿಕೊಂಡಿರುತ್ತಾರೆ.